ಪಾದರಸದ ಹನಿಯನ್ನು ನಂಬಿದ ಹೆಯ್ರೋವ್ಸ್ಕಿ

ಜ್ವರ ನೋಡುವ ಥರ್ಮಾಮೀಟರ್ ಕೈಜಾರಿ ಒಡೆದಾಗ ನೆಲದಲ್ಲಿ ಓಡಾಡುವ ಬೆಳ್ಳಿಗುಂಡುಗಳನ್ನು ಹಿಡಿಯಲು ಹೋಗಿ ಹಿರಿಯರಿಂದ ಬೈಸಿಕೊಳ್ಳದವರು ನಮ್ಮ ಪ್ರಾಯದವರಲ್ಲಿ ಕಡಿಮೆ. ಆ ಪಾದರಸದ ಹನಿಯನ್ನೇ ನಂಬಿ ದಶಕಗಳ ಕಾಲ ದುಡಿದು ನೊಬೆಲ್ ಪಡೆದವರು ಝೆಕ್ ರಸಾಯನ ವಿಜ್ಞಾನಿ ಯಾರೊಸ್ಲಾವ್ ಹೆಯ್ರೋವ್ಸ್ಕಿ.

1890ರ ಡಿಸೆಂಬರ್ 20ರಂದು ಪ್ರಾಗ್ ನಗರದಲ್ಲಿ ಜನನ. ತಂದೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ರೋಮನ್ ಕಾನೂನಿನ ಪ್ರಾಧ್ಯಾಪಕರು, ಮಗನಿಗೆ ವಿಜ್ಞಾನದ ಹುಚ್ಚು. 1910ರಲ್ಲಿ ಲಂಡನಿನ ಯೂನಿವರ್ಸಿಟಿ ಕಾಲೇಜು ಸೇರಿದರು. ಅಲ್ಲಿ ಪ್ರೊ. ಡೊನ್ನನ್ ಅವರಿಗೆ ಅಲ್ಯೂಮಿನಿಯಂ ಎಲೆಕ್ಟ್ರೋಡಿನ ಅಧ್ಯಯನ ವಹಿಸಿದರು. ಆದರೆ ಆ ಲೋಹದ ಮೇಲೆ ಕೂಡಲೇ ಪೊರೆ ಕಟ್ಟುತ್ತದೆ. ಒಮ್ಮೆ ಬಂದ ಅಳತೆ ಮತ್ತೊಮ್ಮೆ ಬಾರದು. ಅದನ್ನು ಪಾದರಸದಲ್ಲಿ ಕರಗಿಸಿ ಹನಿಹನಿಯಾಗಿ ಬೀಳಿಸಿ ನೋಡುವಂತೆ ಗುರುಗಳು ಸೂಚಿಸಿದರು.

1914ರ ಬೇಸಿಗೆಯಲ್ಲಿ ಊರಿಗೆ ಬಂದಿದ್ದಾಗ ಮಹಾಯುದ್ಧ ಶುರುವಾಯಿತು. ಲಂಡನಿನ ದಾರಿ ಮುಚ್ಚಿತು. ಸೈನಿಕ ಆಸ್ಪತ್ರೆಯಲ್ಲಿ ಔಷಧ ಕೊಡುವ, ಎಕ್ಸ್‌ರೇ ನೋಡುವ ಕೆಲಸ. ಅದರ ನಡುವೆಯೇ 1918ರಲ್ಲಿ ಪ್ರಾಗ್‌ನಲ್ಲಿ ಡಾಕ್ಟರೇಟ್ ಪರೀಕ್ಷೆ.

ಬದುಕಿಗೆ ತಿರುವು ಸಿಕ್ಕಿದ್ದು ಆ ಪರೀಕ್ಷೆಯಲ್ಲೇ. ಪರೀಕ್ಷಕರಾಗಿದ್ದ ಭೌತವಿಜ್ಞಾನಿ ಬೊಹುಮಿಲ್ ಕುಚೆರಾ, ಸಪುರ ಗಾಜಿನ ಕೊಳವೆಯಿಂದ ಬೀಳುವ ಪಾದರಸದ ಹನಿಗಳನ್ನು ತೂಗಿ ಅದರ ಮೇಲ್ಮೈ ಸೆಳೆತ ಅಳೆಯುತ್ತಿದ್ದವರು. ತಾವು ಕಂಡ ಕೆಲವು ಒಗಟುಗಳನ್ನು ಈ ಯುವಕನ ಮುಂದಿಟ್ಟರು. ಹನಿ ಹಿಡಿ, ಒಣಗಿಸು, ತೂಗು. ಮತ್ತೆ ಹನಿ ಹಿಡಿ... ಬೀಡಿ ಕಟ್ಟಿದವರಿಗೆ, ಅಡಿಕೆ ಸುಲಿದವರಿಗೆ ಮಾತ್ರ ಈ ಬೇಸರ ಅರ್ಥವಾದೀತು! ಒಗಟು ಬಿಡಿಸುವ ಮೊದಲೇ, 1921ರಲ್ಲಿ, ಕುಚೆರಾ ತೀರಿಕೊಂಡರು.

ಹನಿಯನ್ನು ತೂಗುವ ಬದಲು ಅದರ ಮೂಲಕ ಹರಿಯುವ ವಿದ್ಯುತ್ತನ್ನೇ ಅಳೆದರೆ? 1922ರ ಫೆಬ್ರವರಿ 10ರಂದು ಹೆಯ್ರೋವ್ಸ್ಕಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹನಿ ಬೀಳಿಸುತ್ತ, ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಅಂಕೆಗಳನ್ನು ಬರೆದುಕೊಂಡರು. ವಿದ್ಯುತ್ ಸಮನಾಗಿ ಏರಲಿಲ್ಲ, ಮೆಟ್ಟಿಲಿನಂತೆ ಏರಿತು. ತಾಮ್ರ, ಸೀಸ, ಸತು ಎಲ್ಲವೂ ಒಂದೇ ದ್ರಾವಣದಲ್ಲಿದ್ದರೂ ಪ್ರತಿಯೊಂದಕ್ಕೂ ತನ್ನದೇ ವೋಲ್ಟೇಜ್. ಮೆಟ್ಟಿಲು ಎಲ್ಲಿದೆ ಎಂಬುದು ಯಾವ ವಸ್ತು ಎಂದು ಹೇಳುತ್ತದೆ, ಎಷ್ಟು ಎತ್ತರ ಎಂಬುದು ಅದು ಎಷ್ಟಿದೆ ಎಂದು. ಪ್ರತಿ ಹನಿಯೂ ಹೊಸ ಮೈ ಹೊತ್ತು ಬರುವುದರಿಂದ ಹಳೆಯ ಪೊರೆಯ ಕಾಟವಿಲ್ಲ.

ಕೈಯಲ್ಲಿ ಬರೆಯುವ ಕೆಲಸ ತಪ್ಪಿಸಲು ಜಪಾನಿನಿಂದ ಬಂದಿದ್ದ ಮಸುಜೊ ಶಿಕಾಟಾ ಜೊತೆ ಸೇರಿ 1924ರಲ್ಲಿ ಪೋಲರೋಗ್ರಾಫ್ ಎಂಬ ಯಂತ್ರ ಕಟ್ಟಿದರು. ರೇಖೆ ತಾನಾಗಿ ಫೋಟೋ ಕಾಗದದ ಮೇಲೆ ಮೂಡುತ್ತಿತ್ತು. ದೀರ್ಘ ಹೊತ್ತಿನ ಕೆಲಸ ನಿಮಿಷಗಳಿಗೆ ಇಳಿಯಿತು. 1926ರಲ್ಲಿ ಪ್ರಾಧ್ಯಾಪಕ ಪದವಿ.

1939ರ ನವೆಂಬರ್‌ನಲ್ಲಿ ನಾಜಿಗಳು ಝೆಕ್ ವಿಶ್ವವಿದ್ಯಾನಿಲಯಗಳಿಗೆ ಬೀಗ ಜಡಿದರು. ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದರು, ಸಾವಿರಕ್ಕೂ ಮಿಕ್ಕಿ ವಿದ್ಯಾರ್ಥಿಗಳನ್ನು ಬಂದಿಶಿಬಿರಕ್ಕೆ ಸಾಗಿಸಿದರು. ಅಂಥ ದಿನಗಳಲ್ಲೂ ಹೆಯ್ರೋವ್ಸ್ಕಿ ಪ್ರಯೋಗಾಲಯ ಬಿಡಲಿಲ್ಲ. ಬಿಡದಂತೆ ನೋಡಿಕೊಂಡವರು ನಾಜಿಗಳನ್ನು ಒಪ್ಪದ ಜರ್ಮನ್ ಪ್ರಾಧ್ಯಾಪಕ ಬೋಮ್. ಅಧಿಕಾರದಲ್ಲಿದ್ದ ಜನಾಂಗಕ್ಕೆ ಸೇರಿಯೂ ಪರಭಾಷೆಯ ಸಹೋದ್ಯೋಗಿಗೆ ಬಾಗಿಲು ತೆರೆದಿಟ್ಟ ಈ ಮನುಷ್ಯನ ಹೆಸರು ಹೆಚ್ಚಿನವರಿಗೆ ತಿಳಿಯದಿರುವುದು ಬೇಸರದ ಸಂಗತಿ.

1950ರಲ್ಲಿ ಪ್ರಾಗ್‌ನ ಪೋಲರೋಗ್ರಫಿ ಸಂಸ್ಥೆಯ ನಿರ್ದೇಶಕರಾದರು. 1955ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಗೌರವ ಸದಸ್ಯತ್ವ ನೀಡಿತು. ನೊಬೆಲ್ ಬಂದಾಗ ವರ್ಷ 1959, ಪ್ರಾಯ 68. ಆ ಮೊದಲ ಅಳತೆಯಿಂದ 37 ವರ್ಷ! 1967ರ ಮಾರ್ಚ್ 27ರಂದು ಪ್ರಾಗ್‌ನಲ್ಲಿ ನಿಧನರಾದರು.

ಪಾದರಸ ವಿಷವೆಂದು ಇಂದು ಪ್ರಯೋಗಾಲಯಗಳು ಅದನ್ನು ದೂರವಿಟ್ಟಿವೆ. ಆದರೂ ವೋಲ್ಟೇಜ್ ಏರಿಸುತ್ತ ವಿದ್ಯುತ್ತನ್ನು ಓದುವ ಕ್ರಮ ಉಳಿದಿದೆ; ಹನಿಯ ಜಾಗದಲ್ಲಿ ಈಗ ಇಂಗಾಲವೋ ಚಿನ್ನವೋ ಕುಳಿತಿದೆ, ಅಷ್ಟೆ.