ಮತವನ್ನು ತೊರೆದರೂ ಜನರನ್ನು ತೊರೆಯದ ಇತಿಹಾಸಕಾರ: ಸೈಮನ್ ದುಬ್ನೋವ್

ದೇವರಲ್ಲಿ ನಂಬಿಕೆ ಕಳೆದುಕೊಂಡ ವ್ಯಕ್ತಿ ತಾನು ಹುಟ್ಟಿದ ಸಮುದಾಯದವನಾಗಿ ಉಳಿಯಬಲ್ಲನೆ? ಧರ್ಮ, ಜನಾಂಗ, ಇತಿಹಾಸ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುವ ಯಹೂದಿಗಳ ಪಾಲಿಗೆ ಈ ಪ್ರಶ್ನೆ ಇನ್ನಷ್ಟು ಜಟಿಲವಾದುದು. ತಮ್ಮ ಇಡೀ ಬದುಕನ್ನೇ ಇದಕ್ಕೆ ಉತ್ತರವಾಗಿಸಿದ ಸೈಮನ್ ದುಬ್ನೋವ್ ಅವರನ್ನು ನಾವಿಲ್ಲಿ ಸ್ಮರಿಸುತ್ತಿದ್ದೇವೆ.

ದುಬ್ನೋವ್ 1860ರಲ್ಲಿ ಮ್ಸ್ತಿಸ್ಲಾವ್ಲ್ ಎಂಬ ಪಟ್ಟಣದಲ್ಲಿ ಜನಿಸಿದರು. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಬೆಲಾರೂಸ್ ದೇಶದಲ್ಲಿದೆ. ಅವರ ಅಜ್ಜ ಬೆಂಟ್ಸಿಯೋನ್ ಯಹೂದಿ ಧರ್ಮಶಾಸ್ತ್ರವಾದ ತಾಲ್ಮುದ್‌ನಲ್ಲಿ ಪಾರಂಗತರು. ಮೊಮ್ಮಗನ ಮನಸ್ಸು ಮಾತ್ರ ಎಳೆವಯಸ್ಸಿನಲ್ಲೇ ಯುರೋಪಿನ ವಿಚಾರವಾದಿಗಳ ಗ್ರಂಥಗಳತ್ತ ಹರಿಯಿತು. ವಿಶ್ವವಿದ್ಯಾಲಯದ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಓದಿದ್ದೆಲ್ಲ ಸ್ವಂತ ಪರಿಶ್ರಮದಿಂದ. 1880ರಲ್ಲಿ ಅವರು ಸೇಂಟ್ ಪೀಟರ್ಸ್‌ಬರ್ಗ್ ಸೇರಿದರು. ವಿಶೇಷ ಪರವಾನಗಿಯಿಲ್ಲದ ಯಹೂದಿಗಳಿಗೆ ಆ ರಾಜಧಾನಿಯಲ್ಲಿ ನೆಲೆಸುವ ಹಕ್ಕಿರಲಿಲ್ಲವಾದ್ದರಿಂದ ಸುಳ್ಳು ಕಾಗದಪತ್ರಗಳನ್ನೇ ನೆಚ್ಚಬೇಕಾಯಿತು. ಅಲ್ಲಿ ಪತ್ರಿಕೆಗಳಿಗೆ ಬರೆಯುತ್ತ ಧಾರ್ಮಿಕ ಸುಧಾರಣೆಯ ಪ್ರಖರ ವಕ್ತಾರರಾದರು.

1884ರಲ್ಲಿ ಹುಟ್ಟೂರಿಗೆ ಮರಳಿದಾಗ ಅವರು ಪ್ರಾರ್ಥನಾ ಮಂದಿರಕ್ಕೆ ಹೋಗಲು ಒಪ್ಪಲಿಲ್ಲ. ಅಜ್ಜನಿಗೆ ಅದು ಊರೆದುರು ಆದ ಅವಮಾನ, ಅದಕ್ಕಿಂತ ಮಿಗಿಲಾಗಿ ಮನಸ್ಸಿನ ನೋವು. ಆದರೂ ಅಜ್ಜ ತಮ್ಮ ಕೋಣೆಯಲ್ಲಿ ತಾಲ್ಮುದ್ ಅಧ್ಯಯನದಲ್ಲಿ ಮುಳುಗಿದ್ದರೆ, ಮೊಮ್ಮಗ ತನ್ನ ಕೋಣೆಯಲ್ಲಿ ಹೊಸ ಕಾಲದ ಜ್ಞಾನದಲ್ಲಿ ಅಷ್ಟೇ ನಿಷ್ಠೆಯಿಂದ ಮುಳುಗಿರುತ್ತಿದ್ದ. ಈ ಸಾಮ್ಯವನ್ನು ಮುಂದೆ ದುಬ್ನೋವ್ ಅವರೇ ತಮ್ಮ ಆತ್ಮಕಥೆಯಲ್ಲಿ ಗುರುತಿಸಿದ್ದಾರೆ. ಬಿಟ್ಟುಬಂದೆನೆಂದುಕೊಂಡ ಪರಂಪರೆ ತಮ್ಮೊಳಗೇ ಬೇರೊಂದು ರೂಪದಲ್ಲಿ ಮುಂದುವರಿದಿತ್ತೆಂಬ ಅರಿವು ಅದರಲ್ಲಿದೆಯೆಂದು ನಾವು ಭಾವಿಸುತ್ತೇವೆ.

1890ರಲ್ಲಿ ಅವರು ಒಡೆಸ್ಸಾ ನಗರದಲ್ಲಿ ನೆಲೆಸಿದರು. ಊರೂರಿನ ಯಹೂದಿ ಸಮುದಾಯಗಳು ತಮ್ಮ ತೀರ್ಮಾನ, ತೆರಿಗೆ, ವ್ಯಾಜ್ಯಗಳನ್ನು ದಾಖಲಿಸಿಡುತ್ತಿದ್ದ ಹಳೆಯ ಪುಸ್ತಕಗಳು ಅಟ್ಟಗಳಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಹುಡುಕಿ ಉಳಿಸಿರೆಂದು 1891ರಲ್ಲಿ ಅವರು ಜನಸಾಮಾನ್ಯರಿಗೇ ಕರೆಯಿತ್ತರು. ಸಣ್ಣ ಪಟ್ಟಣಗಳಿಂದಲೂ ಪ್ರತಿಗಳು ಬರತೊಡಗಿದವು. ಪ್ರಾರ್ಥನೆ ತೊರೆದವರಿಗೆ ಇತಿಹಾಸವೇ ಸಮುದಾಯದೊಡನೆ ಬೆಸೆಯುವ ಕೊಂಡಿಯಾಯಿತು.

1897ರಿಂದ ಪ್ರಕಟವಾದ ಲೇಖನಮಾಲೆಯಲ್ಲಿ ಅವರು ಈ ವಿಚಾರವನ್ನು ಸಿದ್ಧಾಂತವಾಗಿ ಮಂಡಿಸಿದರು. ಯಹೂದಿಗಳು ಸಾಮಾನ್ಯ ಇತಿಹಾಸ ಮತ್ತು ಸಂಸ್ಕೃತಿಯಿಂದ ಬೆಸೆದುಕೊಂಡ ಜನಾಂಗ. ನಾಸ್ತಿಕನೂ ಅದರ ಪೂರ್ಣ ಸದಸ್ಯ ಎಂಬುದು ಅವರ ವಾದ. ಆದರೆ ಬೇರೆ ಮತಕ್ಕೆ ಸೇರಿದವನು ಜನಾಂಗವನ್ನೂ ತೊರೆದಂತೆ ಎಂಬ ಗೆರೆಯನ್ನೂ ಅವರು ಎಳೆದಿದ್ದರು. ಇದ್ದ ನಾಡಿನಲ್ಲೇ ಇದ್ದು, ಪ್ರಜೆಗಳಾಗಿ ಸಮಾನ ಹಕ್ಕು ಪಡೆದು, ತಮ್ಮ ಶಾಲೆ, ಭಾಷೆ, ಸಂಸ್ಥೆಗಳನ್ನು ಚುನಾಯಿತ ಸಮುದಾಯ ಮಂಡಳಿಗಳ ಮೂಲಕ ತಾವೇ ನಡೆಸಿಕೊಳ್ಳಬೇಕೆಂದು ಅವರು ಬಯಸಿದರು. ಇದೇ ಧ್ಯೇಯದಿಂದ 1906ರಲ್ಲಿ ಒಂದು ಪಕ್ಷವನ್ನೂ ಸ್ಥಾಪಿಸಿದರು.

1922ರಲ್ಲಿ ಸೋವಿಯತ್ ರಷ್ಯಾ ತೊರೆದು ಬರ್ಲಿನ್ ಸೇರಿದರು. ಅವರ ಮೇರುಕೃತಿಯಾದ ಯಹೂದಿ ಜನರ ವಿಶ್ವ ಇತಿಹಾಸ 1925ರಿಂದ 1929ರವರೆಗೆ 10 ಸಂಪುಟಗಳಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅಲ್ಲಿಂದಲೂ ಹೊರಟು ಲಾಟ್ವಿಯಾದ ರೀಗಾ ತಲುಪಿದರು. 1941ರಲ್ಲಿ ನಾಜಿಗಳು ಅಲ್ಲಿಗೂ ಬಂದರು. ಅವರ ಗ್ರಂಥಭಂಡಾರವನ್ನು ಕಿತ್ತುಕೊಂಡು ಅವರನ್ನು ಘೆಟ್ಟೋಗೆ ತಳ್ಳಿದರು. ಅದೇ ಡಿಸೆಂಬರ್‌ನಲ್ಲಿ, 81ರ ಇಳಿವಯಸ್ಸಿನಲ್ಲಿ, ಅವರು ಹತ್ಯೆಗೀಡಾದರು. ನಡೆಯುತ್ತಿರುವುದನ್ನೆಲ್ಲ ಬರೆದಿಡುವಂತೆ ಕೊನೆಗಳಿಗೆಯಲ್ಲೂ ಸುತ್ತಲಿನವರನ್ನು ಕೇಳಿಕೊಂಡರೆಂದು ಪ್ರತೀತಿ.

ಅವರು ಕನಸಿದ ಸ್ವಾಯತ್ತ ಸಮುದಾಯಗಳು ಪೂರ್ವ ಯುರೋಪಿನಲ್ಲಿ ನಿರ್ನಾಮವಾದವು. ಆದರೆ ದಾಖಲಿಸುವ ಅವರ ಪರಂಪರೆ ಅಳಿಯಲಿಲ್ಲ. ವಾರ್ಸಾ ಘೆಟ್ಟೋದಲ್ಲಿ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲೂಮ್ ಮತ್ತು ಸಂಗಡಿಗರು ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟ ದಾಖಲೆಗಳು 1946 ಮತ್ತು 1950ರಲ್ಲಿ ಹೊರಬಂದವು. ಅಮೆರಿಕದ ಡೆಟ್ರಾಯಿಟ್ ಬಳಿ 1963ರಲ್ಲಿ ರಬ್ಬಿ ಶೆರ್ವಿನ್ ವೈನ್ ದೇವರಿಗೆ ಪ್ರಾರ್ಥನೆಯಿಲ್ಲದ ಮಾನವತಾವಾದಿ ಯಹೂದಿ ಸಮುದಾಯವೊಂದನ್ನು ಕಟ್ಟಿದರು. ಹಬ್ಬ, ಇತಿಹಾಸ, ಸಂಸ್ಕೃತಿಗಳ ಮೂಲಕವೇ ಯಹೂದಿಗಳಾಗಿ ಬಾಳುವವರು ಇಂದಿಗೂ ಹಲವು ದೇಶಗಳಲ್ಲಿದ್ದಾರೆ. ನೆನಪನ್ನು ಕಾಪಾಡುವುದೂ ಸಮುದಾಯಕ್ಕೆ ಸೇರುವ ಒಂದು ಬಗೆಯೆಂದು ಬಾಳಿ ತೋರಿದ ಈ ಹಿರಿಯ ಚೇತನಕ್ಕೆ ನಮ್ಮ ಗೌರವದ ನಮನ.