ಅಪ್ಟನ್ ಸಿಂಕ್ಲೇರನ ಜೀವಿತ

ಕಾರ್ಖಾನೆಯಲ್ಲಿ ಸಿದ್ಧವಾಗಿ ಡಬ್ಬಿಯಲ್ಲಿ ಬರುವ ಆಹಾರವು ಈಗ ನಮ್ಮ ಅಡಿಗೆಮನೆಗಳನ್ನು ಹೊಕ್ಕಿದೆ. ಡಬ್ಬಿಯ ಮೇಲಿನ ಚೀಟಿಯನ್ನು ಓದದೆ ಕೊಳ್ಳಬಾರದೆಂದು ನಾವು ಹುಡುಗಿಯರಿಗೆ ಹೇಳುತ್ತಿರುತ್ತೇವೆ. ಅಂಥ ಕಾರ್ಖಾನೆಯ ಬಾಗಿಲನ್ನು ಲೋಕಕ್ಕೆ ತೆರೆದು ತೋರಿಸಿದ ಒಬ್ಬ ಗ್ರಂಥಕರ್ತನ ಜೀವಿತವನ್ನು ಇಲ್ಲಿ ಬರೆಯುತ್ತೇವೆ.

ಅಪ್ಟನ್ ಸಿಂಕ್ಲೇರನು 1878ನೆಯ ಇಸವಿ ಸೆಪ್ಟೆಂಬರ್ 20ರಂದು ಅಮೇರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಮದ್ಯದ ವ್ಯಾಪಾರಿ. ತಾನು ಮಾರುವ ಸರಕಿಗೆ ತಾನೇ ದಾಸನಾದನು. ತಾಯಿಯ ತವರಿನವರಾದರೋ ಸಿರಿವಂತರು. ಆದಕಾರಣ ಬಾಲಕನು ಒಮ್ಮೆ ಅಗ್ಗದ ಬಾಡಿಗೆ ಕೋಣೆಯಲ್ಲಿಯೂ ಒಮ್ಮೆ ಬಂಧುಗಳ ದೊಡ್ಡ ಮನೆಯಲ್ಲಿಯೂ ಮಲಗಬೇಕಾಯಿತು. ಆ ಎರಡು ಹಾಸಿಗೆಗಳ ಅಂತರವೇ ಅವನ ಮೊದಲನೆಯ ಪಾಠವಾಗಿರಬೇಕೆಂದು ನಮಗೆ ತೋರುತ್ತದೆ. ಹದಿನಾಲ್ಕರ ಹರೆಯದಲ್ಲಿಯೇ ನ್ಯೂಯಾರ್ಕಿನ ಕಾಲೇಜಿನಲ್ಲಿ ಓದುತ್ತಾ, ಮುಂದೆ ಪತ್ರಿಕೆಗಳಿಗೆ ನಗೆಮಾತುಗಳನ್ನೂ ಅಗ್ಗದ ಕಥೆಗಳನ್ನೂ ಬರೆದು ಜೀವನ ಸಾಗಿಸಿದನು.

1904ರಲ್ಲಿ ಸಮಾಜವಾದಿಗಳ ವಾರಪತ್ರಿಕೆಯೊಂದು ಅವನಿಗೆ 500 ಡಾಲರುಗಳನ್ನು ಮುಂಗಡವಾಗಿ ಕೊಟ್ಟು, ಕಾರ್ಖಾನೆಯ ಕೂಲಿಗಳನ್ನು ಕುರಿತು ಕಾದಂಬರಿ ಬರೆಯಬೇಕೆಂದು ಕೇಳಿತು. ಅವನು ಷಿಕಾಗೋವಿನ ಮಾಂಸದ ಕಾರ್ಖಾನೆಗಳ ಕೇರಿಯಲ್ಲಿ ಏಳು ವಾರ ಇದ್ದನು. ಹಳೆಯ ಬಟ್ಟೆಯುಟ್ಟು ಬುತ್ತಿಯ ಪಾತ್ರೆಯನ್ನು ಕೈಯಲ್ಲಿ ಹಿಡಿದರೆ ಸಾಕು, ಕೂಲಿಯವನೆಂದೇ ಎಣಿಸಿ ಯಾರೂ ತಡೆಯಲಿಲ್ಲ. ಅಲ್ಲಿ ಕೊಂದ ಪಶುವು ಕೊಕ್ಕೆಗೆ ತೂಗುತ್ತಾ ಮುಂದೆ ಮುಂದೆ ಸರಿಯುವುದು; ಸಾಲಾಗಿ ನಿಂತವರಲ್ಲಿ ಒಬ್ಬೊಬ್ಬನು ಒಂದೊಂದೇ ಕಡಿತವನ್ನು ದಿನವೆಲ್ಲಾ ಕಡಿಯುವನು. ಮುಂದೆ 1913ರಲ್ಲಿ ಮೋಟಾರು ಕಾರುಗಳನ್ನು ಸಾಲಾಗಿ ಜೋಡಿಸಿದ ಫೋರ್ಡನಿಗೂ ಈ ಏರ್ಪಾಡೇ ಮಾದರಿಯಾಯಿತು. ಒಂದು ಆದಿತ್ಯವಾರ ಸಿಂಕ್ಲೇರನು ಲಿಥುವೇನಿಯ ದೇಶದಿಂದ ಬಂದ ಬಡವರ ಮದುವೆಯನ್ನು ಕಂಡು, ಗೋಡೆಯ ಬಳಿ ಕುಳಿತು ಅವರನ್ನು ನೋಡುತ್ತಲೇ ತನ್ನ ಕಥೆಯ ಮನುಷ್ಯರನ್ನು ಕಂಡುಕೊಂಡನು.

ಹೀಗೆ ಹುಟ್ಟಿದ ‘ದಿ ಜಂಗಲ್’ ಎಂಬ ಗ್ರಂಥವನ್ನು ಅನೇಕ ಪ್ರಕಾಶಕರು ತಳ್ಳಿಬಿಟ್ಟರು. 1906ರ ಫೆಬ್ರವರಿಯಲ್ಲಿ ಅದು ಹೊರಬಿದ್ದಿತು. ಕಥಾನಾಯಕನಾದ ಯುರ್ಗಿಸನು ಕಾರ್ಖಾನೆಯನ್ನು ನಂಬಿ ಬಂದು, ಪ್ರಸವದಲ್ಲಿ ಹೆಂಡತಿಯನ್ನೂ, ಬೀದಿಯ ಕೆಸರುನೀರಿನಲ್ಲಿ ಮಗುವನ್ನೂ ಕಳೆದುಕೊಳ್ಳುತ್ತಾನೆ. ಕಡೆಯ ಅಧ್ಯಾಯಗಳ ಉದ್ದುದ್ದದ ಭಾಷಣಗಳು ನಮಗೆ ರುಚಿಸಲಿಲ್ಲ. ಮಾಂಸದ ಹೊಲಸನ್ನು ಕುರಿತ ಪುಟಗಳು ಅದರಲ್ಲಿ ಕೆಲವೇ. ಆದರೂ ಓದಿದವರು ಅವನ್ನೇ ಹಿಡಿದುಕೊಂಡರು. ಅಧ್ಯಕ್ಷ ರೂಸ್‌ವೆಲ್ಟನು ಇಬ್ಬರನ್ನು ಕಳುಹಿಸಿ ವಿಚಾರಣೆ ಮಾಡಿಸಲು, ಹೊಲಸಿನ ಮಾತು ಬಹುಮಟ್ಟಿಗೆ ನಿಜವೆಂದು ತಿಳಿಯಿತು. ಅದೇ ವರುಷ ಜೂನ್ 30ರಂದು ಮಾಂಸದ ತನಿಖೆಯ ಶಾಸನವೂ, ಶುದ್ಧ ಆಹಾರ ಮತ್ತು ಔಷಧಿಗಳ ಶಾಸನವೂ ಒಟ್ಟಿಗೆ ಅಂಗೀಕಾರವಾದವು. ಎರಡನೆಯದಕ್ಕಾಗಿ ಸರಕಾರದ ರಸಾಯನಶಾಸ್ತ್ರಜ್ಞನಾದ ಹಾರ್ವೆ ವೈಲಿಯು ಬಹುಕಾಲದಿಂದ ಹೋರಾಡಿದ್ದನೆಂಬುದನ್ನು ಮರೆಯಲಾಗದು.

ಆದರೆ ಸಿಂಕ್ಲೇರನಿಗೆ ತೃಪ್ತಿಯಾಗಲಿಲ್ಲ. ಅವನು ಬರೆದದ್ದು ಕೂಲಿಯವರಿಗಾಗಿ. ಜನರು ಹೆದರಿದ್ದು ತಮ್ಮ ಹೊಟ್ಟೆಗಾಗಿ. ಶಾಸನವು ಊಟ ಮಾಡುವವರನ್ನು ಕಾಯಿತು. ಉಪ್ಪುನೀರಿನಲ್ಲಿ ಕೈಬೆರಳು ಕೊಳೆಯುತ್ತಿದ್ದವನ ಕೂಲಿಯನ್ನಾಗಲಿ ಕೆಲಸದ ಹೊತ್ತನ್ನಾಗಲಿ ಮುಟ್ಟಲಿಲ್ಲ. ಈ ಕೊರಗನ್ನು ಅವನು ಬಹುಕಾಲ ಹೇಳಿಕೊಂಡನು. 1914ರಲ್ಲಿ ಈ ಕಥೆಯು ಮೂಕಚಿತ್ರವಾಗಿ, ಅದರಲ್ಲಿ ಅವನು ತಾನೂ ಕಾಣಿಸಿಕೊಂಡನು. ಆ ಚಿತ್ರದ ಪ್ರತಿಯು ಇಂದು ಉಳಿದಿಲ್ಲ. ಎಣ್ಣೆಯ ಬಾವಿಗಳನ್ನು ಕುರಿತ ಅವನ 1927ರ ಕಾದಂಬರಿಯನ್ನು ಆಧರಿಸಿ, ಅವನು ತೀರಿದ ಎಷ್ಟೋ ಕಾಲದ ಮೇಲೆ, 2007ರಲ್ಲಿ ಒಂದು ಚಿತ್ರ ಬಂದಿತು.

1934ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಪದವಿಗೆ ನಿಂತು ಸೋತನು. 1943ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದನು. 1967ರ ಡಿಸೆಂಬರಿನಲ್ಲಿ ಮಾಂಸದ ತನಿಖೆಯನ್ನು ಬಲಪಡಿಸುವ ಹೊಸ ಶಾಸನಕ್ಕೆ ಅಧ್ಯಕ್ಷ ಜಾನ್‌ಸನ್ ರುಜು ಹಾಕುವಾಗ, ಎಂಬತ್ತೊಂಬತ್ತು ವರುಷದ ಈ ವೃದ್ಧನನ್ನೂ ಶ್ವೇತಭವನಕ್ಕೆ ಕರೆಯಿಸಿದ್ದರು. ಮರುವರುಷ ನವೆಂಬರ್ 25ರಂದು ಅವನು ನ್ಯೂಜೆರ್ಸಿಯಲ್ಲಿ ತೀರಿಕೊಂಡನು.