ಅಸದ್ ಖಾನ್ ಲಾರಿ: ವದಂತಿಯ ಕತ್ತಿಯೆದುರು ಒಬ್ಬ ಸೇನಾನಿ

ಬೆಳಗಾವಿಯ ಕೋಟೆಯೊಳಗೆ ಸಫಾ ಮಸೀದಿಯಿರುವುದು ನಿಮಗೆ ತಿಳಿದಿರಬಹುದು. 1519ರಲ್ಲಿ ಅದನ್ನು ಕಟ್ಟಿಸಿದವರು ಅಸದ್ ಖಾನ್ ಲಾರಿ. ಇರಾನಿನ ಲಾರ್ ಪ್ರಾಂತದಿಂದ ಬಂದ ಅವರ ಮೊದಲ ಹೆಸರು ಖುಸ್ರೋ. ಬಾಲಕ ಸುಲ್ತಾನ ಇಸ್ಮಾಯೀಲ್ ಆದಿಲ್ ಶಾಹ್‌ರ ವಿರುದ್ಧ ಸಂಚು ನಡೆದಾಗ ಅರಮನೆಯನ್ನು ಕಾದದ್ದಕ್ಕಾಗಿ ಅವರಿಗೆ ಆ ಬಿರುದೂ ಬೆಳಗಾವಿಯ ಜಾಗೀರೂ ದೊರೆತವು. ಅಸದ್ ಎಂದರೆ ಸಿಂಹ.

ಇಂತಹ ಸೇನಾನಿಯನ್ನು ರಣರಂಗದಲ್ಲಿ ಸೋಲಿಸುವುದು ಕಷ್ಟ. ಆದರೆ ಅರಸನಿಗೂ ಸೇನಾನಿಗೂ ನಡುವಿನ ನಂಬಿಕೆಯನ್ನು ಕತ್ತರಿಸಿದರೆ ಸೇನೆ ತಾನಾಗಿಯೇ ನಿಷ್ಕ್ರಿಯವಾಗುತ್ತದೆ. ಅಹ್ಮದ್‌ನಗರದ ಬುರ್‍ಹಾನ್ ನಿಝಾಮ್ ಶಾಹ್ ಇದನ್ನು ಚೆನ್ನಾಗಿ ಅರಿತಿದ್ದರು.

ಆಗ ಬಿಜಾಪುರದ ಸಿಂಹಾಸನದಲ್ಲಿದ್ದವರು ಇಬ್ರಾಹೀಮ್ ಆದಿಲ್ ಶಾಹ್. ಆಸ್ಥಾನದ ಅಸೂಯಾಪರರು ಮೊದಲೇ ಅಸದ್ ಖಾನರ ಮೇಲೆ ಚಾಡಿ ಹೇಳಿದ್ದರು. ಪಂಥಭೇದವೂ ಅದಕ್ಕೆ ನೆಪವಾಗಿತ್ತು. 1542ರ ಸುಮಾರಿಗೆ ಬುರ್‍ಹಾನರು ಬೀದರಿನ ಅಮೀರ್ ಬರೀದರೊಡನೆ ದಂಡೆತ್ತಿ ಬಂದರು. ಅಸದ್ ಖಾನ್ ಬೆಳಗಾವಿಯನ್ನು ಒಪ್ಪಿಸಲು ಮಾತು ಕೊಟ್ಟಿದ್ದಾರೆಂಬ ಸುದ್ದಿಯನ್ನೂ ಹಬ್ಬಿಸಿದರು. ಸುಲ್ತಾನರು ವಿಚಾರಿಸದೆ ನಂಬಿದರು. ಪರಿಣಾಮವೇನು? ತಮ್ಮ ಶ್ರೇಷ್ಠ ಸೇನಾನಿಯ ಸಹಾಯ ಕೇಳಲಾಗದೆ ಅವರು ರಾಜಧಾನಿಯನ್ನು ಬಿಟ್ಟು ಕಲಬುರಗಿಗೆ ಹಿಮ್ಮೆಟ್ಟಿದರು. ಇತ್ತ ಅಸದ್ ಖಾನರು ತಮ್ಮ ಜಾಗೀರನ್ನು ಉಳಿಸಿಕೊಳ್ಳಲು ಶತ್ರುವಿನ ಶಿಬಿರವನ್ನೇ ಸೇರಬೇಕಾಯಿತು. ಸುಳ್ಳು ಸುದ್ದಿ ನಿಜವಾದಂತೆ ಕಂಡಿತು!

ಆದರೆ ಅವರು ಸುಮ್ಮನೆ ಕೂರಲಿಲ್ಲ. ಬೇರಾರಿನ ಇಮಾದ್ ಶಾಹ್‌ರಿಗೆ ನಿಜಸ್ಥಿತಿಯನ್ನು ಬರೆದು ತಿಳಿಸಿದರು. ಅವರು ನೆರವಿಗೆ ಬಂದೊಡನೆ ಅವರನ್ನು ಸೇರಿಕೊಂಡು, ಅವರ ಮಧ್ಯಸ್ಥಿಕೆಯಿಂದ ಸುಲ್ತಾನರೆದುರು ತಮ್ಮ ನಿಷ್ಠೆಯನ್ನು ವಿವರಿಸಿದರು. ಕಡಿದ ಕೊಂಡಿ ಮತ್ತೆ ಕೂಡಿತು, ಶತ್ರುಗಳು ಹಿಂದಿರುಗಿದರು. ಇತಿಹಾಸಕಾರ ಫಿರಿಶ್ತಾ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಮುಂದೆ ಬುರ್‍ಹಾನರು ಹಣದಿಂದ ಕೋಟೆಯ ಕಾವಲುಪಡೆಯನ್ನು ಒಡೆಯಲು ಯತ್ನಿಸಿದಾಗಲೂ ಸಂಚು ಬಯಲಾಗಿ, ಕೋಟೆ ಉಳಿಯಿತು.

1549ರಲ್ಲಿ ಅಸದ್ ಖಾನರು ವಯೋವೃದ್ಧರಾಗಿ ನಿಧನರಾದರು. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಅವರ ದರ್ಗಾ ಇದೆ.

ಓದುಗರೇ, ನಂಬಲನರ್ಹನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಆಜ್ಞಾಪಿಸುತ್ತದೆ. ಆ ಸುಲ್ತಾನರಿಗೆ ಬೇಕಾಗಿದ್ದುದು ಬೆಳಗಾವಿಗೆ ಒಬ್ಬ ನಂಬಿಗಸ್ತ ದೂತ, ಒಂದು ನೇರ ಪ್ರಶ್ನೆ, ಅಷ್ಟೆ. ನಿಮ್ಮ ಅಣ್ಣತಮ್ಮಂದಿರ, ನೆರೆಯವರ ಕುರಿತು ಯಾರಾದರೂ ಏನನ್ನಾದರೂ ಹೇಳಿದಾಗ, ಅದನ್ನು ಮೂರನೆಯವರಿಗೆ ದಾಟಿಸುವ ಮೊದಲು ಅವರ ಮನೆಗೇ ಹೋಗಿ ಕೇಳಿರಿ.